ತೊಟ್ಟಿಲಲ್ಲಿ ಕುಂಬಳಕಾಯಿ

ಪೆರಿಯನಾಯಕಿಗೆ ಹೊಟ್ಟೆಕಿಚ್ಚು. ಅದನ್ನು ಸುತ್ತಿ ಬಳಸಿ ಹೇಳುವುದೇಕೆ? ನೆಗಮಂ ಎಂಬ ಊರಿನ ಆ ಮನೆಯಲ್ಲಿ ಸೊಸೆಯರಿಬ್ಬರೂ ಟೀಚರುಗಳು. ಹಿರಿಯಳು ಪೆರಿಯನಾಯಕಿ ಶಾಲೆಯಲ್ಲಿ ಭೌತಶಾಸ್ತ್ರ ಹೇಳುತ್ತಾಳೆ, ಕಿರಿಯಳು ಶಿವಗಾಮಿ ಗಣಿತ. ಇಬ್ಬರಿಗೂ ಜಗಳವೆಂಬುದಿಲ್ಲ. ಆದರೆ ಪೆರಿಯನಾಯಕಿ ಹೆತ್ತ ಮಗಳು, ಪ್ಲಸ್ ಟೂ ಓದುವ ಕೃತ್ತಿಕಾ, ಏನು ಅನುಮಾನ ಬಂದರೂ ಪುಸ್ತಕ ಎತ್ತಿಕೊಂಡು ಓಡುವುದು ಚಿತ್ತಿಯ ಹತ್ತಿರ. ಆ ಮನೆಯಲ್ಲಿ ಚಿಕ್ಕಮ್ಮನಿಗೆ ಚಿತ್ತಿ ಎನ್ನುತ್ತಾರೆ. ಭೌತಶಾಸ್ತ್ರದ ಅನುಮಾನಕ್ಕೂ ಚಿತ್ತಿಯೇ!

"ಅಮ್ಮನ್ನ ಕೇಳಿದ್ರೆ ಅದು ಅಷ್ಟು ಸುಲಭ ಇಲ್ಲ ಅಂತಾಳೆ. ಚಿತ್ತಿ ಎರಡು ಸಾಲಲ್ಲಿ ಮುಗಿಸ್ತಾಳೆ" ಎಂದು ಮಗಳು ಗೆಳತಿಗೆ ಫೋನಿನಲ್ಲಿ ಹೇಳಿದ್ದು ಪೆರಿಯನಾಯಕಿಯ ಕಿವಿಗೆ ಬಿದ್ದಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಶಿವಗಾಮಿಯೂ ಅದೇ ಹಿತ್ತಲಿನವಳು. ಅವಳ ಲೆಕ್ಕ ಒಂದು ಸಲವಾದರೂ ಎಡವಲಿ ಎಂದು ಪೆರಿಯನಾಯಕಿ ದೇವರಿಗೆ ಹರಕೆ ಹೊರುವುದೊಂದು ಬಾಕಿ.

ಎಡವಿಸಿದ್ದು ಶಿವಗಾಮಿಯ ಕೂಸೇ. ತೊಲೆಗೆ ಸ್ಪ್ರಿಂಗು ಸಿಕ್ಕಿಸಿ, ಅದಕ್ಕೆ ಅತ್ತೆ ರಾಮಾತಾಳ್ ಅವರ ಹಳೆಯ ಹತ್ತಿಸೀರೆ ಕಟ್ಟಿ ತೊಟ್ಟಿಲು ಮಾಡಿದ್ದರು. ಕೆಳಕ್ಕೆಳೆದು ಬಿಟ್ಟರೆ ಕೂಸು ಮೇಲಕ್ಕೂ ಕೆಳಕ್ಕೂ ಕುಣಿಯುತ್ತ ನಿದ್ದೆ ಹೋಗುತ್ತಿತ್ತು. ಅಂಥ ಒಂದು ಕುಣಿತಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಶಿವಗಾಮಿ ಕೃತ್ತಿಕಾಳಿಗೆ ಸೂತ್ರ ಬರೆದುಕೊಟ್ಟಳು. ಸರಿಯೋ ತಪ್ಪೋ ನೋಡಬೇಕಲ್ಲ? ಕೂಸಿನ ಮೇಲೆ ಪರೀಕ್ಷೆ ಮಾಡಲು ರಾಮಾತಾಳ್ ಬಿಡಲಿಲ್ಲ. ಖಾಲಿ ತೊಟ್ಟಿಲು ತೂಗುವುದಂತೂ ಆಗದ ಮಾತು, ಕೂಸಿಗೆ ಕೇಡು. ಕೊನೆಗೆ ಒಂದು ಕುಂಬಳಕಾಯಿ ಮಲಗಿಸಿದರು. ಕುಂಬಳಕಾಯಿ ಸೂತ್ರದ ಮಾತು ಕೇಳಿ ನೆಟ್ಟಗೆ ಕುಣಿಯಿತು. ಮಗಳು ಚಪ್ಪಾಳೆ ತಟ್ಟಿದಳು. ಅಡುಗೆಮನೆಯಲ್ಲಿ ಪೆರಿಯನಾಯಕಿ ಸಾಸಿವೆ ಸೀಯಿಸಿದಳು.

ಕಾಯಿ ತೆಗೆದು ಕೂಸನ್ನು ಮಲಗಿಸಿದರೆ ತೊಟ್ಟಿಲು ನಾಲ್ಕು ಸಲ ನೆಟ್ಟಗೆ ಕುಣಿದು, ಯಾರೂ ತಳ್ಳದೆಯೇ ಪಕ್ಕಕ್ಕೆ ತೂಗಲಾರಂಭಿಸಿತು. ಕುಣಿತ ನಿಂತೇಹೋಯಿತು. ಸ್ವಲ್ಪ ಹೊತ್ತಿಗೆ ತೂಗಾಟ ಅಡಗಿ ಮತ್ತೆ ಕುಣಿತ!

"ಕಣ್ಣು ಬಿದ್ದದೆ" ಎಂದು ರಾಮಾತಾಳ್ ಉಪ್ಪು ಮೆಣಸಿನಕಾಯಿ ತರಲು ಹೋದರು. ಶಿವಗಾಮಿ ತನ್ನ ಸೂತ್ರವನ್ನೇ ಮತ್ತೆ ಮತ್ತೆ ನೋಡಿದಳು. ಪೆರಿಯನಾಯಕಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಅಮ್ಮಾ, ಇದ್ ಯಾಕೆ ಇಂಗೆ?" ಎಂದಳು ಕೃತ್ತಿಕಾ. ಎಷ್ಟು ದಿನವಾಗಿತ್ತು ಆ ಕಣ್ಣು ತನ್ನ ಕಡೆ ಹೀಗೆ ತಿರುಗಿ!

"ಚಿತ್ತಿ ಕುಣಿತದ ಕಣಕ್ಕು ಮಾತ್ರ ಹಾಕಿದ್ಳು. ತೂಗಾಟಕ್ಕೆ ಬೇರೆ ಲೆಕ್ಕ. ಆದ್ರೆ ಸ್ಪ್ರಿಂಗಿಗೆ ಆ ಭೇದ ಗೊತ್ತಿಲ್ಲ, ಎರಡೂ ಕೊಡುಕೊಳ್ಳೆ ಮಾಡ್ತವೆ. ಒಂದು ತೂಗಾಟದ ಹೊತ್ತಲ್ಲಿ ಎರಡು ಕುಣಿತ ಆದ್ರೆ ಕುಣಿತದ ಬಲವೆಲ್ಲ ತೂಗಾಟಕ್ಕೆ ಹೋಗ್ತದೆ. ಕಾಯಿ ಹಗುರ. ಪಾಪಾ ಭಾರ ಆದಂಗೆ ಕುಣಿತ ನಿಧಾನ ಆಗಿ ಆ ಎರಡಕ್ಕೊಂದರ ಲೆಕ್ಕಕ್ಕೆ ಬಂದದೆ."

"ಎಷ್ಟು ಭಾರಕ್ಕೆ ಬರ್ತದೆ?"

ಎರಡು ಲೆಕ್ಕ ಒಂದರೊಳಗೊಂದು ಹೆಣೆದುಕೊಂಡಿದ್ದವು. ಅದನ್ನು ಬಿಡಿಸುವ ಕೈ ಪೆರಿಯನಾಯಕಿಯದಲ್ಲ. ಏನೋ ಒಂದು ಹೇಳಿಬಿಟ್ಟರೆ ಮಗಳು ನಂಬುತ್ತಿದ್ದಳು. ಹೇಳಿಬಿಡೋಣ ಎಂದೂ ಅನಿಸಿತು. ಹಾಳು ತೊಟ್ಟಿಲು ಮಾತ್ರ ಸುಳ್ಳಿಗೆ ತೂಗುವುದಿಲ್ಲ.

"ಅದು ನಂಗೆ ಬರಲ್ಲ. ಶಿವಗಾಮೀ, ಬಾ ಇಲ್ಲಿ" ಎಂದಳು.

"ಅಕ್ಕಾ, ನೀವು ಹೇಳಿ, ನಾ ಬರೀತೀನಿ" ಎನ್ನುತ್ತ ಶಿವಗಾಮಿ ಪೆನ್ಸಿಲು ಹಿಡಿದು ಬಂದಳು. ಮಗಳ ಕಣ್ಣು ಆ ಪೆನ್ಸಿಲಿನ ಕಡೆ ಹೊರಟೇಬಿಟ್ಟಿತು. ಮುಗಿಯಿತು ಎಂದುಕೊಂಡಳು ಪೆರಿಯನಾಯಕಿ.

ಕೃತ್ತಿಕಾ ಪೆನ್ಸಿಲನ್ನು ಕಸಿದುಕೊಂಡಳು.

"ಚಿತ್ತೀ, ಬರೆಯೋದು ಆಮೇಲೆ. ಮೊದ್ಲು ಅಮ್ಮ ತೊಟ್ಟಿಲು ತೂಗ್ಲಿ, ನೋಡೋಣ."