ಉಜನಿ ಹಿನ್ನೀರಿಗೆ ಕಟ್ಟಿಕೊಟ್ಟ ಫಿಶ್ ಫೈಂಡರ್

೨೦೦೫ನೇ ಇಸವಿ. ಪುಣೆಯ ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ನೆಲ ಅಂತಸ್ತಿನಲ್ಲಿ, ಸರ್ವೇ ಉಪಕರಣಗಳನ್ನು ಮಾರುವ, ರಿಪೇರಿ ಮಾಡುವ ಅಂಗಡಿಯಲ್ಲಿ ನಾನು ಸರ್ವಿಸ್ ಎಂಜಿನಿಯರ್ ಆಗಿದ್ದೆ. ವಿಜಾಪುರದಲ್ಲಿ ಡಿಪ್ಲೊಮಾ ಮುಗಿಸಿ ಬಂದವನು ಅಷ್ಟು ಹೊತ್ತಿಗೆ ಅಲ್ಲಿ ಹದಿನೆಂಟು ವರ್ಷ ಸವೆಸಿದ್ದೆ. ಥಿಯೋಡೊಲೈಟ್, ಲೆವೆಲ್, ಕೆರೆ ಕಾಲುವೆಗಳ ಆಳ ಅಳೆಯುವ ಎಕೋ ಸೌಂಡರ್ ನಮ್ಮ ನಿತ್ಯದ ಸರಕು. ಫಿಶ್ ಫೈಂಡರ್ ಎಂದರೆ ಎಕೋ ಸೌಂಡರಿನ ಸಣ್ಣ, ಅಗ್ಗದ ರೂಪ. ನೀರಿನೊಳಗೆ ಶಬ್ದದ ಮಿಡಿತವೊಂದನ್ನು ಕಳಿಸಿ, ಅದು ತಳಕ್ಕೋ ಮೀನಿಗೋ ಬಡಿದು ಹಿಂತಿರುಗಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕಹಾಕಿ ಪರದೆಯ ಮೇಲೆ ಬರೆಯುತ್ತದೆ. ಸಮುದ್ರವಿಲ್ಲದ ಪುಣೆಯಲ್ಲಿ ಅದನ್ನು ಕೇಳಿಕೊಂಡು ಬರುವವರು ಅಪರೂಪ.

ಜನವರಿಯ ಒಂದು ಮಧ್ಯಾಹ್ನ ಶೇಖರ ಶೆಟ್ಟರು ಅಂಗಡಿಗೆ ಬಂದರು. ಉಡುಪಿ ಕಡೆಯವರು, ಸ್ವಾರಗೇಟ್ ಬಸ್ ನಿಲ್ದಾಣದ ಹತ್ತಿರ ಹೋಟೆಲು ನಡೆಸುತ್ತಿದ್ದರು. ನಾನು ಅಲ್ಲಿ ಎಷ್ಟೋ ಸಲ ಊಟ ಮಾಡಿದ್ದರಿಂದ ಮುಖಪರಿಚಯವಿತ್ತು. ಕಯಾಕಿಗೆ ಹಾಕಲು ಒಂದು ಫಿಶ್ ಫೈಂಡರ್ ಬೇಕು ಎಂದರು. ಕಯಾಕ್ ಎಂದರೆ ಕೂತು ಹುಟ್ಟು ಹಾಕುವ, ಕಿರಿದಾದ ಪ್ಲಾಸ್ಟಿಕ್ ದೋಣಿ. ಊರ ಹೊರಗಿನ ಜಲಕ್ರೀಡೆಯ ಕ್ಯಾಂಪೊಂದು ಮುಚ್ಚುವಾಗ ಇಬ್ಬರು ಕೂರುವ ಕಯಾಕೊಂದನ್ನು ಕೊಂಡಿದ್ದರಂತೆ.

ಕರಾವಳಿಯವರಿಗೆ ಮೀನಿನ ಹುಚ್ಚು ಇರುವುದೇ ಎಂದುಕೊಂಡು ಉತ್ಸಾಹದಿಂದ ವಿವರಿಸತೊಡಗಿದೆ. ಪರದೆ ಬಣ್ಣದ್ದು ಬೇಡ, ಬಿಸಿಲಿನಲ್ಲಿ ಕಾಣುವುದಿಲ್ಲ, ಬ್ಯಾಟರಿಯನ್ನೂ ತಿನ್ನುತ್ತದೆ. ಕಪ್ಪು ಬಿಳುಪಿನದೇ ಸಾಕು. ಆದರೆ ಪರದೆಯಲ್ಲಿ ಮೇಲಿಂದ ಕೆಳಕ್ಕೆ ಪಿಕ್ಸೆಲ್ ಹೆಚ್ಚಿರಬೇಕು. ಪಿಕ್ಸೆಲ್ ಕಡಿಮೆಯಾದರೆ ಒಂದೊಂದು ಚುಕ್ಕೆಯೂ ಗೇಣುದ್ದದ ನೀರನ್ನು ನುಂಗಿಬಿಡುತ್ತದೆ. ಫ್ರೀಕ್ವೆನ್ಸಿ ಇನ್ನೂರು ಕಿಲೋಹರ್ಟ್ಸ್ ಇರಲಿ. ಐವತ್ತರದು ಆಳ ಸಮುದ್ರಕ್ಕೆ. ಅದರ ಕಿರಣ ಅಗಲ, ಚಿತ್ರ ಮಬ್ಬು. ಇಷ್ಟನ್ನು ಅವರು ತಲೆಯಾಡಿಸುತ್ತ ಕೇಳಿದರು. ಆಮೇಲೆ ಕೇಳಿದರು:

"ಮೀನು ಕಾಣದಿದ್ರೂ ತೊಂದರೆ ಇಲ್ಲ. ಅಲುಗಾಡದೆ ತಳದಲ್ಲಿ ಬಿದ್ದದ್ದು ಕಾಣ್ತದಾ ಇದರಲ್ಲಿ?"

"ಏನ್ ಬಿದ್ದದ್ದು ಶೆಟ್ರ?"

"ನನ್ನ ತಮ್ಮ."

ನಾನು ಕೈಯಲ್ಲಿದ್ದ ಕ್ಯಾಟಲಾಗನ್ನು ಮೇಜಿನ ಮೇಲಿಟ್ಟು ಅವರಿಗೆ ಕುರ್ಚಿ ಎಳೆದೆ.

ತಮ್ಮನ ಹೆಸರು ದಿನೇಶ. ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ ನಗುಮುಖದವನು, ನನಗೂ ನೆನಪಿತ್ತು. ಹಿಂದಿನ ನವೆಂಬರಿನಲ್ಲಿ ಗೆಳೆಯರೊಂದಿಗೆ ಉಜನಿ ಅಣೆಕಟ್ಟಿನ ಹಿನ್ನೀರಿಗೆ, ಇಂದಾಪುರದ ಕಡೆಯ ದಂಡೆಗೆ, ಹೋಗಿದ್ದ. ಬಾಡಿಗೆಗೆ ಹಿಡಿದ ನಾಡದೋಣಿ ನಡುನೀರಿನಲ್ಲಿ ಗಾಳಿಗೆ ಸಿಕ್ಕಿ ಮಗುಚಿತು. ಉಳಿದವರು ದೋಣಿಯ ಅಂಚು ಹಿಡಿದು ತೇಲಿದರು. ದಿನೇಶ ಮೇಲೆ ಬರಲಿಲ್ಲ. ಮುಳುಗುಗಾರರು ಹುಡುಕಿದರು, ಪೊಲೀಸರ ಲಾಂಚೂ ತಿರುಗಿತು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ದೇಹ ತಾನಾಗಿ ತೇಲುತ್ತದೆ. ಇವನದು ತೇಲಲಿಲ್ಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಜಾಲಿ ಮರಗಳು ಆ ನೀರಿನಡಿ ಇನ್ನೂ ನಿಂತಿವೆ, ಅವುಗಳಿಗೆ ಹರಿದ ಬಲೆಗಳು ಸುತ್ತಿಕೊಂಡಿವೆ. ಅಲ್ಲೆಲ್ಲೋ ಸಿಕ್ಕಿರಬೇಕು ಎಂದರು. ಹುಡುಕುವುದನ್ನು ನಿಲ್ಲಿಸಿದರು.

"ಅಮ್ಮ ದಿನಾ ಫೋನ್ ಮಾಡ್ತಾರೆ. ಒಂದು ಮೂಳೆಯಾದ್ರೂ ತಂದುಕೊಡು, ಅಷ್ಟರವರೆಗೆ ನಾನು ಬೊಜ್ಜ ಮಾಡ್ಲಿಕ್ಕೆ ಬಿಡುದಿಲ್ಲ ಅಂತಾರೆ. ಇಲ್ಲಿ ವನಜ ಕುಂಕುಮ ಇಟ್ಕೊಳ್ಬೇಕಾ ಬೇಡ್ವಾ ಅಂತ ಯಾರಿಗೂ ಗೊತ್ತಿಲ್ಲ. ಹೆಣ ಸಿಗದಿದ್ರೆ ಸತ್ತ ಅಂತ ಬರೆಸ್ಲಿಕ್ಕೆ ಕಾನೂನಿನಲ್ಲಿ ಏಳು ವರ್ಷ ಕಾಯ್ಬೇಕಂತೆ," ಎಂದರು ಶೆಟ್ಟರು. ವನಜ ದಿನೇಶನ ಹೆಂಡತಿ. ಬೊಜ್ಜವೆಂದರೆ ಅವರ ಕಡೆ ಸತ್ತವರಿಗೆ ಮಾಡುವ ಉತ್ತರಕ್ರಿಯೆ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಯಂತ್ರದ ಕಿರಣ ಟಾರ್ಚಿನ ಬೆಳಕಿನಂತೆ ಕೆಳಕ್ಕೆ ಹರಡುತ್ತದೆ. ಹನ್ನೆರಡು ಮೀಟರ್ ಆಳದಲ್ಲಿ ಅದು ನೋಡುವ ವೃತ್ತ ಸುಮಾರು ನಾಲ್ಕು ಮೀಟರಿನದು. ಆ ವೃತ್ತದೊಳಗಿನದೆಲ್ಲ ಪರದೆಯ ಮೇಲೆ ಒಂದೇ ಗೆರೆಯಾಗಿ ಕೂಡಿಬಿಡುತ್ತದೆ. ನೀರಿನ ನಡುವೆ ಇರುವ ಮೀನು ಬೇರೆಯಾಗಿ ಕಾಣುತ್ತದೆ. ನೆಲಕ್ಕೆ ಹತ್ತಿ ಮಲಗಿದ್ದು ನೆಲವೇ ಆಗಿಬಿಡುತ್ತದೆ. ತಳದ ಚಿತ್ರವನ್ನು ಫೋಟೋದಂತೆ ತೆಗೆಯುವ ಸೈಡ್ ಸ್ಕ್ಯಾನ್ ಸೋನಾರ್ ಬೇರೆಯೇ ಇದೆ. ಅದು ಬಂದರುಗಳಲ್ಲಿ ಇರುವಂಥದ್ದು, ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ.

"ಶೆಟ್ರ, ಇದು ಮೀನ ಹಿಡ್ಯಾವ್ರ ಸಲುವಾಗಿ ಮಾಡಿದ್ದು. ನಿಮ್ಮ ಕೆಲಸಕ್ಕ ಬರೂದಿಲ್ರಿ. ತೊಗೋಬ್ಯಾಡ್ರಿ."

"ಬೇರೆ ಎಂತ ಉಂಟು ಹೇಳಿ, ಅದನ್ನೇ ತಕ್ಕೊಳ್ತೇನೆ."

ಬೇರೆ ಏನೂ ಇರಲಿಲ್ಲ. ಅವರು ಯಂತ್ರ ಕೊಂಡರು.

ಕಯಾಕನ್ನೇ ಏಕೆ ಆರಿಸಿದರೆಂಬುದು ಆಮೇಲೆ ತಿಳಿಯಿತು. ಮೋಟಾರ್ ದೋಣಿಯ ಪಂಖ ಬಲೆಗೆ ಸಿಕ್ಕಿಕೊಳ್ಳುತ್ತದೆ, ಮರಗಳ ನಡುವೆ ಅದು ಹೋಗಲಾರದು. ಶೆಟ್ಟರು ಯೋಚಿಸದೆ ಹೊರಟವರಲ್ಲ. ಹಾಗಾಗಿಯೇ ಜೋಡಣೆಯ ಕೆಲಸದಲ್ಲಿ ನಾನೂ ಮನಸ್ಸಿಟ್ಟೆ. ಶಬ್ದ ಕಳಿಸಿ ಕೇಳುವ ಭಾಗಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಮೀನು ಹಿಡಿಯುವವರು ಅದನ್ನು ಕಯಾಕಿನ ಒಳಗೆ, ತಳದ ಪ್ಲಾಸ್ಟಿಕ್ಕಿಗೇ ಅಂಟಿಸುತ್ತಾರೆ. ಅಂಟಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಶಬ್ದ ಅಲ್ಲೇ ಸಾಯುತ್ತದೆ, ಪ್ಲಾಸ್ಟಿಕ್ಕೂ ಒಂದಷ್ಟನ್ನು ನುಂಗುತ್ತದೆ. ನಮಗೆ ಅಷ್ಟನ್ನೂ ಕಳೆದುಕೊಳ್ಳುವಂತಿರಲಿಲ್ಲ. ಆದ್ದರಿಂದ ಪಕ್ಕಕ್ಕೆ ಅಲ್ಯುಮಿನಿಯಂ ತೋಳೊಂದನ್ನು ಬಿಗಿದು ಟ್ರಾನ್ಸ್‌ಡ್ಯೂಸರನ್ನು ನೇರ ನೀರಿಗಿಳಿಸಿದೆ. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಹೋಟೆಲಿನ ಚಪಾತಿ ಡಬ್ಬಿಯೊಂದರಲ್ಲಿ ಕೂರಿಸಿ, ತಂತಿಗೆ ಫ್ಯೂಜ್ ಹಾಕಿ, ತೂತಿಗೆ ಸಿಲಿಕೋನ್ ತುಂಬಿದೆ. ಸೆಟ್ಟಿಂಗಿನಲ್ಲಿ ಮೀನಿನ ಚಿಹ್ನೆ ತೋರಿಸುವುದನ್ನು ಬಂದ್ ಮಾಡಿಬಿಟ್ಟೆ. ಎಲೆ ತೇಲಿದರೂ ಯಂತ್ರ ಅದನ್ನು ಮೀನೆಂದು ಚಿತ್ರ ಬರೆಯುತ್ತದೆ. ತಳದ ಹತ್ತಿರದ ಒಂದೆರಡು ಮೀಟರನ್ನು ಮಾತ್ರ ದೊಡ್ಡದು ಮಾಡಿ ತೋರಿಸುವ ಬಾಟಮ್ ಜೂಮ್ ಇಟ್ಟೆ.

ಉಜನಿಗೆ ಹೋಗುವ ಮುಂಚೆ ಖಡಕವಾಸಲಾದಲ್ಲಿ ಪರೀಕ್ಷೆ ಮಾಡೋಣ ಎಂದವನು ನಾನೇ. ಆಳು ಗಾತ್ರದ ಏನನ್ನಾದರೂ ಮುಳುಗಿಸಿ, ಮೇಲಿಂದ ಹೇಗೆ ಕಾಣುತ್ತದೆಂದು ತಿಳಿದುಕೊಳ್ಳಬೇಕು. ಗೊತ್ತಿಲ್ಲದ ಗುರುತನ್ನು ಹುಡುಕುವುದು ಹೇಗೆ? ಹಳೆಯ ಗೋಣಿಚೀಲ ತರುತ್ತಾರೆಂದು ನಾನು ಎಣಿಸಿದ್ದೆ. ಶೆಟ್ಟರು ದಿನೇಶನ ಪ್ಯಾಂಟು, ಶರ್ಟು ತಂದಿದ್ದರು. ದಂಡೆಯಲ್ಲಿ ಕೂತು ಅದಕ್ಕೆ ಒದ್ದೆ ಭತ್ತದ ಹೊಟ್ಟನ್ನೂ ಮರಳನ್ನೂ ತುಂಬಿ, ತೋಳು ಕಾಲುಗಳ ತುದಿ ಕಟ್ಟಿದರು. ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. ನಾನು ನೀರಿನ ಕಡೆ ಮುಖಮಾಡಿ ನಿಂತೆ.

ಹಗ್ಗ ಕಟ್ಟಿ ಅದನ್ನು ತಳಕ್ಕೆ ಬಿಟ್ಟು, ಮೇಲೆ ಥರ್ಮೋಕೋಲಿನ ತುಂಡೊಂದನ್ನು ತೇಲಿಸಿದೆವು. ನಾನು ಕಯಾಕಿನ ಮುಂದೆ, ಪರದೆಯ ಎದುರು. ಶೆಟ್ಟರು ನನ್ನ ಬೆನ್ನ ಹಿಂದೆ ಹುಟ್ಟು ಹಿಡಿದು. ನನಗೆ ಈಜು ಬಾರದು, ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಂಡಿದ್ದೆ. ಥರ್ಮೋಕೋಲಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹೋದೆವು. ಬಹುತೇಕ ಸಲ ಪರದೆಯಲ್ಲಿ ಏನೂ ಬೇರೆಯಾಗಲಿಲ್ಲ. ಒಂದು ಸಲ ಮಾತ್ರ ತಳದ ಗೆರೆ ಒಂದು ಕ್ಷಣ ದಪ್ಪವಾಗಿ ಮತ್ತೆ ತೆಳ್ಳಗಾಯಿತು. ಅದು ಅಲೆಗೂ ಆಗುವಂಥದ್ದೇ.

"ನೋಡ್ರಿ ಶೆಟ್ರ, ಎಲ್ಲಿ ಅದ ಅಂತ ಗೊತ್ತಿದ್ರೂ ಕಾಣವಲ್ದು. ಗೊತ್ತಿಲ್ಲದ ಕಡೆ ಹೆಂಗ ಹುಡಕೂದು?"

ಅವರು ನನ್ನ ಭುಜದ ಮೇಲಿಂದ ಬಾಗಿ ಪರದೆ ನೋಡುತ್ತಿದ್ದರು. "ಒಮ್ಮೆ ದಪ್ಪ ಆಯ್ತಲ್ಲ," ಎಂದರು. "ಅಷ್ಟು ಸಾಕು."

ಫೆಬ್ರವರಿಯಿಂದ ಭಾನುವಾರಗಳಂದು ಅವರು ಟೆಂಪೋದಲ್ಲಿ ಕಯಾಕ್ ಹೇರಿಕೊಂಡು ಸೋಲಾಪುರ ರಸ್ತೆ ಹಿಡಿಯುತ್ತಿದ್ದರು. ನಾನೂ ಹೆಚ್ಚಿನ ವಾರ ಹೋಗುತ್ತಿದ್ದೆ. ಮಾಲೀಕರು ಕಳಿಸಿದ್ದಲ್ಲ, ಪರದೆಯನ್ನು ಓದಬಲ್ಲವನು ನಾನೊಬ್ಬನೇ ಇದ್ದೆ, ಅಷ್ಟೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ಒಂದನ್ನು ಅಂಗಡಿಯಿಂದ ಒಯ್ಯುತ್ತಿದ್ದೆ. ಅದರ ತಪ್ಪು ಹತ್ತು ಮೀಟರಿನಷ್ಟು, ನಮ್ಮ ಕಿರಣದ ವೃತ್ತ ನಾಲ್ಕು ಮೀಟರು. ಒಮ್ಮೆ ಬಿಟ್ಟ ಜಾಗಕ್ಕೆ ಮತ್ತೆ ಕರಾರುವಾಕ್ಕಾಗಿ ಹೋಗುವಂತಿರಲಿಲ್ಲ. ಅನುಮಾನ ಬಂದಲ್ಲೆಲ್ಲ ಕಲ್ಲು ಕಟ್ಟಿದ ಥರ್ಮೋಕೋಲ್ ಬಿಡುತ್ತಿದ್ದೆವು. ಬೆಳಗಿನ ಗಾಳಿ ಏಳುವವರೆಗೆ ಮಾತ್ರ ಕೆಲಸ. ಆಮೇಲೆ ಅಲೆಗೆ ಗೆರೆಯೆಲ್ಲ ಹಲ್ಲುಹಲ್ಲಾಗುತ್ತಿತ್ತು.

ಹಿಂದಿನಿಂದ ಶೆಟ್ಟರ ಪ್ರಶ್ನೆ ಬರುತ್ತಿತ್ತು: "ಎಂತ ಕಾಣ್ತದೆ?"

"ಮರ."

ಸ್ವಲ್ಪ ಹೊತ್ತಿನ ಮೇಲೆ, "ಈಗ?"

"ಏನಿಲ್ರಿ."

ಇಡೀ ಬೆಳಗು ನಮ್ಮ ನಡುವೆ ಇಷ್ಟೇ ಮಾತು. ಹದಿನೆಂಟು ವರ್ಷ ಎಷ್ಟೋ ಇಲಾಖೆಗಳ ಸಾಹೇಬರಿಗೆ ರೀಡಿಂಗ್ ಓದಿ ಹೇಳಿದವನು ನಾನು. "ಏನಿಲ್ಲ" ಎಂಬ ಪದ ಬಾಯಿಂದ ಹೊರಡಲು ಅಷ್ಟು ಭಾರವಾಗಬಹುದೆಂದು ಗೊತ್ತಿರಲಿಲ್ಲ.

ಮಾರ್ಚಿನ ಕೊನೆಗೆ ಒಂದು ಗುರುತು ಸಿಕ್ಕಿತು. ಎರಡು ಮರಗಳ ನಡುವೆ, ತಳದಿಂದ ತುಸು ಮೇಲೆ, ಮೆತ್ತಗಿನದೇನೋ ಉದ್ದಕ್ಕೆ ಮಲಗಿದಂತೆ. ಕಲ್ಲಾಗಿದ್ದರೆ ಪ್ರತಿಧ್ವನಿ ಕಪ್ಪಾಗಿ ಬರುತ್ತದೆ, ಇದು ಬೂದು. ನಾಲ್ಕು ಸಲ ಹಾದುಹೋದೆವು, ನಾಲ್ಕು ಸಲವೂ ಬಂತು. ಶೆಟ್ಟರಿಗೆ ಹೇಳಲೇಬೇಕಿತ್ತು, ಹೇಳಿದೆ. ಅವರು ಹುಟ್ಟನ್ನು ತೊಡೆಯ ಮೇಲಿಟ್ಟರು. ಆಮೇಲೆ ದಂಡೆಯಲ್ಲಿದ್ದ ಮೀನುಗಾರ ಬಬನರಾವ್‌ಗೆ ಕೈಬೀಸಿದರು.

ಬಬನರಾವ್ ತನ್ನ ದೋಣಿಯಿಂದ ಕಬ್ಬಿಣದ ಕೊಕ್ಕೆ ಇಳಿಸಿ ಬಹಳ ಹೊತ್ತು ತಡಕಾಡಿದ. ಕೊಕ್ಕೆ ಕಚ್ಚಿತು. ನಿಧಾನಕ್ಕೆ ಎಳೆದಂತೆ ನೀರಿನಲ್ಲಿ ಬಿಳಿಯ ಬಟ್ಟೆಯಂಥದ್ದು ಏಳತೊಡಗಿತು. ಶೆಟ್ಟರು ಕಯಾಕಿನಲ್ಲೇ ಎದ್ದು ನಿಲ್ಲಲು ಹೋದರು. ನಾನು ಹಿಂದಕ್ಕೆ ಕೈಚಾಚಿ ಅವರ ಮೊಣಕಾಲು ಒತ್ತಿ ಹಿಡಿದೆ.

"ಜಾಳಂ ಆಹೆ, ಸಾಹೇಬ್," ಎಂದ ಬಬನರಾವ್. ಬಲೆ. ಯಾರೋ ಕಳೆದುಕೊಂಡ ನೈಲಾನ್ ಬಲೆಯ ಸುರುಳಿ, ಅದರೊಳಗೆ ಕೊಳೆತ ಮೀನು. ಅವನು ಅದನ್ನು ಬಿಡಿಸಿ ಬಿಡಿಸಿ ಕೊನೆಯ ಮಡಿಕೆಯವರೆಗೂ ತೋರಿಸಿದ. ಯಾರೂ ಕೇಳಿರಲಿಲ್ಲ. ಶೆಟ್ಟರು ಅಷ್ಟನ್ನೂ ನೋಡಿದರು.

ಬೇಸಗೆಯಲ್ಲಿ ಉಜನಿಯ ನೀರು ಇಳಿಯಿತು. ಮೇ ತಿಂಗಳಿಗೆ ನಾವು ಹುಟ್ಟು ಹಾಕಿದ್ದ ಜಾಗದ ದೊಡ್ಡ ಭಾಗ ಬಿರುಕು ಬಿಟ್ಟ ಕೆಸರುನೆಲವಾಗಿ ಹೊರಬಿತ್ತು. ಕಯಾಕ್ ಬೇಕಾಗಲಿಲ್ಲ. ಶೆಟ್ಟರು, ವನಜ, ನಾನು ಆ ನೆಲದ ಮೇಲೆ ನಡೆದೆವು. ಪರದೆಯಲ್ಲಿ ಗೆರೆಗಳಾಗಿ ಕಂಡಿದ್ದ ಮರಗಳು ಕರಿಯ ಮೋಟುಗಳಾಗಿ ನಿಂತಿದ್ದವು. ನಾನು ಕಲ್ಲೆಂದದ್ದು ಕಲ್ಲೇ ಆಗಿತ್ತು, ಯಾವುದೋ ಹೊಲದ ಬದು. ಯಂತ್ರವೂ ತಪ್ಪಿರಲಿಲ್ಲ, ನಾನೂ ತಪ್ಪಿರಲಿಲ್ಲ. ಶೆಟ್ಟರು ಪ್ರತಿ ಮೋಟಿನ ಬುಡಕ್ಕೂ ಕೂತು ಕೋಲಿನಿಂದ ಕೆಸರು ಕೆದಕಿದರು. ಒಂದು ಚಪ್ಪಲಿ ಸಿಕ್ಕಿತು. ಹೆಂಗಸಿನದು, ಬಹಳ ಹಳೆಯದು.

ಮುಂದೆ, ಅಣೆಕಟ್ಟಿಗೂ ಮೊದಲು ಭೀಮಾ ನದಿ ಹರಿಯುತ್ತಿದ್ದ ಹಳೆಯ ಪಾತ್ರವಿತ್ತು. ಅದು ಎಂಥ ಬೇಸಗೆಯಲ್ಲೂ ಬತ್ತುವುದಿಲ್ಲ. ಶೆಟ್ಟರು ಅದರ ಅಂಚಿನಲ್ಲಿ ನಿಂತು, "ಅಲ್ಲಿ ಆಳ ಹೆಚ್ಚು. ಮುಂದಿನ ವಾರ ಕಯಾಕ್ ಅಲ್ಲಿಗೆ ಇಳಿಸುವ," ಎಂದರು.

ಅಲ್ಲಿಯವರೆಗೆ ಮಾತಾಡದಿದ್ದ ವನಜ ಆಗ ಹೇಳಿದರು. "ಭಾವ, ನೀವು ಹುಡುಕುದು ನಿಲ್ಲಿಸಿದ್ರೆ ನಾನು ಅಳ್ಬಹುದು. ಇಷ್ಟು ದಿನ ನಾನು ಅತ್ತದ್ದನ್ನು ನೀವು ನೋಡಿದ್ದೀರಾ?"

ಶೆಟ್ಟರು ನನ್ನ ಕಡೆ ತಿರುಗಿ, "ಕುಲಕರ್ಣಿಯವರೇ, ಆ ಆಳಕ್ಕೆ ಈ ಮೆಷಿನ್ ಹಿಡಿತದಾ?" ಎಂದು ಕೇಳಿದರು.

"ಆಳಕ್ಕ ಹಿಡೀತದ್ರಿ. ಆದ್ರ ನಾ ಇನ್ನ ಬರೂದಿಲ್ಲ," ಎಂದೆ. ನಾನು ನಿಂತರೆ ಅವರೂ ನಿಲ್ಲಬಹುದೆಂಬ ಲೆಕ್ಕ ನನ್ನದು.

ಅವರು ನಿಲ್ಲಲಿಲ್ಲ. ಪರದೆ ಓದುವುದನ್ನು ತಾವೇ ಅಷ್ಟಿಷ್ಟು ಕಲಿತು ಒಬ್ಬರೇ ಹೋದರು. ಮಳೆಗಾಲದಲ್ಲಿ ಅಣೆಕಟ್ಟು ಮತ್ತೆ ತುಂಬಿತು. ನಾವು ನಡೆದ ನೆಲವೆಲ್ಲ ಮುಳುಗಿತು. ಮುಂದಿನ ವರ್ಷ ವನಜ ತವರಿಗೆ ಹೊರಟುಹೋದರು. ದಿನೇಶನ ಬೊಜ್ಜ ಆಗದೆಯೇ ಶೆಟ್ಟರ ತಾಯಿ ತೀರಿಕೊಂಡರು. ಅದಾದ ಮೇಲೆ ಶೆಟ್ಟರು ಕಯಾಕನ್ನು ನೀರಿಗೆ ಇಳಿಸಲಿಲ್ಲವಂತೆ. ಆದರೆ ನಾನು ಹೋಟೆಲಿಗೆ ಹೋದಾಗಲೆಲ್ಲ ಅವರು ಎದುರು ಬಂದು ಕೂತು, ಈ ವರ್ಷ ಉಜನಿಯಲ್ಲಿ ನೀರು ಎಲ್ಲಿಯವರೆಗೆ ಇಳಿಯಬಹುದೆಂದು ಕೇಳುತ್ತಿದ್ದರು. ಗೊತ್ತಿಲ್ಲ ಎಂದರೂ ಮುಂದಿನ ಸಲ ಮತ್ತೆ ಕೇಳುತ್ತಿದ್ದರು.

ಸೇವೆಯಿಂದ ನಿವೃತ್ತನಾಗುವವರೆಗೂ ನಾನು ಇನ್ನೆಷ್ಟೋ ಯಂತ್ರಗಳನ್ನು ಕೂರಿಸಿದೆ. ಗಿರಾಕಿಗೆ ಯಂತ್ರದ ಮಿತಿಯನ್ನು ಮೊದಲೇ ಹೇಳಬೇಕು ಎಂಬುದು ನಮ್ಮ ವೃತ್ತಿಯ ಹಳೆಯ ಪಾಠ; ಅದನ್ನು ನಾನು ಪಾಲಿಸಿದ್ದೆ. ಆ ಪಾಠ ಎಲ್ಲಿ ಮುಗಿಯುತ್ತದೆ ಎಂದು ಕಲಿತದ್ದು ಉಜನಿಯಲ್ಲಿ. ಯಂತ್ರದಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಇಲ್ಲ ಎಂದಾಗುವುದಿಲ್ಲ. ಎಂಜಿನಿಯರನಿಗೆ ಇದು ಎಚ್ಚರಿಕೆಯ ಮಾತು. ತಮ್ಮನನ್ನು ಕಳೆದುಕೊಂಡವನಿಗೆ ಇದೇ ಮಾತು ಸಾಕು, ಜೀವಮಾನವಿಡೀ ಹುಡುಕಲು.