ಕಾರಿಗೆ ದ್ರಾಕ್ಷಿ ಪಂಪು

ಹೆಬ್ಬಾಳದಲ್ಲಿ ನಮ್ಮ ಪಕ್ಕದ ದ್ರಾಕ್ಷಿ ತೋಟದ ಯಜಮಾನರು, ನಾನು ಏನು ಹೇಳಿಕೊಂಡರೂ ಮೀಸೆ ನೇವರಿಸುತ್ತ, “ದ್ರಾಕ್ಷಿಗೂ ಇಂಗೇ ಸೋಮಿ” ಅನ್ನುತ್ತಿದ್ದರು. ನನಗೆ ಜ್ವರ ಬಂದಾಗಲೂ ಅಂದರು, ಬಡ್ತಿ ತಪ್ಪಿದಾಗಲೂ ಅಂದರು.

ನಾನೊಂದು ಹಳೆಯ ಬಿಳಿ ಕಾರು ಕೊಂಡೆ. ಅದನ್ನು ತೊಳೆಯಲು ಬಕೆಟ್ಟು, ಸ್ಪಂಜು ನನ್ನ ಅಂತಸ್ತಿಗೆ ಸಾಲದೆನಿಸಿ, ಅವರು ಬಳ್ಳಿಗೆ ಔಷಧಿ ಹೊಡೆಯುವ ಪಂಪನ್ನೇ ಕೇಳಿ ತಂದೆ. ಮಾವನವರನ್ನು ಸ್ಟೇಷನ್ನಿನಿಂದ ಕರೆತರಬೇಕಿದ್ದ ಬೆಳಿಗ್ಗೆ, ಬೀದಿಯವರೆಲ್ಲ ನೋಡಲೆಂದು ಗತ್ತಿನಿಂದ ನೀರು ಹೊಡೆದೆ. ಒಣಗಿದ ಮೇಲೆ ನೋಡಿದರೆ ಕಾರಿನ ಮೈತುಂಬ ನೀಲಿ ಕಲೆ. ಪಂಪಿನ ತಳದಲ್ಲಿ ಬಳ್ಳಿಗೆ ಹೊಡೆದ ಔಷಧಿಯ ಮೈಲುತುತ್ತ ಉಳಿದಿತ್ತು. ತೊಳೆಯುವ ಪಂಪನ್ನೂ ತೊಳೆಯಬೇಕೆಂದು ನನಗೆ ಹೊಳೆದಿರಲಿಲ್ಲ.

ಯಜಮಾನರು ಬಂದು ಕಾರನ್ನು ಒಂದು ಸುತ್ತು ಹಾಕಿದರು. ಮೀಸೆಗೆ ಕೈ ಹೋಯಿತು.

“ದ್ರಾಕ್ಷಿಗೂ ಇಂಗೇ ಸೋಮಿ. ಈ ವರ್ಸ ಇದುಕ್ಕೆ ಯಾವ ರೋಗಾನೂ ಬರಾಕಿಲ್ಲ ಬುಡಿ.”