ಮಸರಾಪ್ ಎನ್ನದ ಮನೆ

ಗಾಳಿ ರುಚಿಯಾಗಿದೆ ಎಂದು ಒಬ್ಬರು ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಮಂಗಳೂರಿಗೆ ಬಂದ ಮೂರನೆಯ ದಿನ. ಹೇಳಿದವಳು ರೋಸಾ. ಅತ್ತಾವರದಲ್ಲಿ ನಾನು ಕೋಣೆ ಹಿಡಿದು ಊಟಕ್ಕೂ ಸೇರಿಕೊಂಡ ಮನೆಯ ಸೊಸೆ. ತವರು ಮನಿಲಾ. ಹಡಗಿನ ಗುಮಾಸ್ತನಾದ ಗಂಡ ಅವಳನ್ನು ತನ್ನ ತಾಯಿಯ ಬಳಿ ಬಿಟ್ಟು ಮತ್ತೆ ಸಮುದ್ರಕ್ಕೆ ಹೋಗಿದ್ದ. ಮನೆಯ ಕೊಂಕಣಿ ಅವಳಿಗೂ ಬಾರದು, ಧಾರವಾಡದ ಮಾಸ್ತರನಾದ ನನಗೂ ಬಾರದು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಅವಳ ಅತ್ತೆಯೊಡನೆ ನನ್ನ ಮಾತು ಕನ್ನಡದಲ್ಲಿ.

ಅವಳ ತಗಲಾಗ್ ಭಾಷೆಯಲ್ಲಿ ‘ಮಸರಾಪ್’ ಎಂದರೆ ರುಚಿಯಾದದ್ದು. ನಮ್ಮಲ್ಲಿ ರುಚಿ ನಾಲಿಗೆಯದು. ಅವರಲ್ಲಿ ಮೈಗೆ ಹಿತವಾದದ್ದೆಲ್ಲ ಮಸರಾಪ್. ದಿನಚರಿಯಲ್ಲಿ ಬರೆದಿಟ್ಟೆ: ಮೊದಲ ವಾರ ಊಟಕ್ಕೆ ಹತ್ತೊಂಬತ್ತು ಸಲ, ಕಡಲ ಗಾಳಿಗೆ ಆರು, ಮಧ್ಯಾಹ್ನದ ನಿದ್ದೆಗೆ ನಾಲ್ಕು, ಹರಟೆಗೆ ಎರಡು. ಅವಳ ಅತ್ತೆ ಬಾಯಮ್ಮ ಊಟ ಚೆನ್ನಾಗಿದೆ ಎಂದದ್ದು, ಯಾವ ಭಾಷೆಯಲ್ಲೂ, ಸೊನ್ನೆ. ನಮ್ಮ ಕಡೆ ಹಾಗೆ ಹೇಳದೆ ಯಾರೂ ಎಲೆಯಿಂದ ಏಳುವುದಿಲ್ಲ.

ಆ ಸೊನ್ನೆ ರೋಸಾಳನ್ನು ಕೊರೆಯುತ್ತಿತ್ತು. ಅತ್ತೆಗೆ ತಾನು ಬೇಡವಾದರೆ ಗಂಡ ಬಂದ ಕೂಡಲೇ ಮನಿಲಾಕ್ಕೆ ಹೊರಡುವುದಾಗಿ ಹೇಳಿದಳು. ನಲವತ್ತೊಂದನೆಯ ದಿನ ಅಕ್ಕಿ, ಬೆಲ್ಲ, ತೆಂಗಿನ ಹಾಲು ಕಾಯಿಸಿ ತನ್ನೂರಿನ ಸಿಹಿ ಮಾಡಿದಳು. ಬಾಯಮ್ಮ ಮಾತಿಲ್ಲದೆ ಎರಡು ಸಲ ಬಡಿಸಿಕೊಂಡರು. ನನಗೆ ತಡೆಯಲಾಗಲಿಲ್ಲ.

“ಭಾಳ ಛಲೋ ಆಗೇದ್ರಿ,” ಎಂದೆ.

ಬಾಯಮ್ಮ ತಟ್ಟನೆ ಎದ್ದು, ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ಪಾತ್ರೆಗೂ ಸೊಸೆಗೂ ನಿವಾಳಿಸಿ ಒಲೆಗೆ ಹಾಕಿದರು. ತನ್ನ ಅಡುಗೆಯ ವಾಸನೆ ಹೋಗಲೆಂದು ಮೆಣಸು ಸುಡುತ್ತಿದ್ದಾರೆಂದು ತಿಳಿದು ರೋಸಾ ಅಳುತ್ತ ಕೋಣೆ ಸೇರಿದಳು.

“ಎಂತ ಮಾಸ್ಟ್ರೇ, ಉಣ್ಣುವಾಗ ಹೊಗಳ್ತಾರಾ? ದೃಷ್ಟಿ ಆಗ್ತದೆ. ಮೊದಲೇ ಅವಳು ಸಪೂರ,” ಎಂದರು ಬಾಯಮ್ಮ.

ತಾನು ನಿಮಗೆ ಬೇಡವೆಂದು ಅವಳು ತಿಳಿದಿದ್ದಾಳೆ ಎಂದೆ.

“ಬೇಡದವರಿಗೆ ಯಾರಾದ್ರೂ ದೃಷ್ಟಿ ತೆಗೀತಾರಾ ಮಾರಾಯ್ರೆ?”

ಬಾಗಿಲ ಹೊರಗೆ ನಿಂತು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಬಾಗಿಲು ತೆರೆಯಿತು. ರೋಸಾ ಮೆಣಸಿನ ಘಾಟಿಗೆ ಸೀನುತ್ತ ನಕ್ಕಳು. ಮರುದಿನದಿಂದ ದಿನಚರಿಯಲ್ಲಿ ಹೊಸ ಎಣಿಕೆ: ಬಾಯಮ್ಮ ಎರಡನೆಯ ಸಲ ಬಡಿಸಿಕೊಂಡದ್ದು. ರೋಸಾ ರಾತ್ರಿಯೂಟದ ಬಳಿಕ ಬಂದು ನೋಡುತ್ತಿದ್ದಳು. ಮನಿಲಾಕ್ಕೆ ಹೊರಡುವ ಮಾತು ನಿಂತಿತು.

ರಜೆಗೆ ಊರಿಗೆ ಬಂದೆ. ಅವ್ವ ಬಡಿದ ಬಿಸಿ ರೊಟ್ಟಿ ಐದು ತಿಂದೆ.

“ಯಾಕಪ್ಪಾ, ಉಪ್ಪು ಕಡಿಮಿ ಆತೇನು? ಏನೂ ಅನವಲ್ಲಿ,” ಎಂದಳು.

ಆರನೆಯದಕ್ಕೆ ತಾಟು ಚಾಚಿದೆ. ಪಡಸಾಲೆಗೆ ತಂಪು ಗಾಳಿ ಬಂತು. ಅದನ್ನು ಏನೆಂದು ಹೊಗಳಬೇಕೆಂದು ನನಗೆ ಗೊತ್ತಿತ್ತು. ಕೇಳಿ ತಿಳಿಯುವವರು ಅತ್ತಾವರದಲ್ಲಿದ್ದರು.